ಡೆಡ್ ಸೆಲ್ಸ್: ರೋಲ್ ಒತ್ತಿದ ಮೇಲೂ ಏಟು ಬೀಳುತ್ತಿದೆ. ತಪ್ಪು ಕೈಯದಾ, ಮಿಷಿನ್‌ದಾ?

ಅಮಾನಿಕೆರೆ_ದಂಡೆ (ತುಮಕೂರು), ಶುಕ್ರವಾರ ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ತಲೆ ಕೆಟ್ಟುಹೋಗಿದೆ. ಗೊತ್ತಿದ್ದವರು ದಯವಿಟ್ಟು ದಾರಿ ತೋರಿಸಿ.

ಡೆಡ್ ಸೆಲ್ಸ್ ಗೇಮ್ ಆಡಲು ಶುರುಮಾಡಿ ಎಂಟು ತಿಂಗಳಾಯಿತು. ಲ್ಯಾಪ್‌ಟಾಪ್ ಹಳೆಯದು. ಎಂಟನೇ ತಲೆಮಾರಿನ ಐ5, 8 ಜಿಬಿ ರ್‍ಯಾಮ್, ಎಂಎಕ್ಸ್150 ಗ್ರಾಫಿಕ್ಸ್. ಈ ಗೇಮ್‌ಗೆ ಇದು ಧಾರಾಳವಾಗಿ ಸಾಕು. ಮೊದಲು ಟೈಮ್ ಕೀಪರ್ ಅನ್ನುವ ಬಾಸ್‌ವರೆಗೆ ಆರಾಮಾಗಿ ಹೋಗುತ್ತಿದ್ದೆ. ನಾಲ್ಕೈದು ಸಲ ಹ್ಯಾಂಡ್ ಆಫ್ ದ ಕಿಂಗ್ ಮುಂದೆಯೂ ನಿಂತಿದ್ದೇನೆ. ಈಗ ಅವರಿಗಿಂತ ಮೊದಲೇ ಬ್ಲ್ಯಾಕ್ ಬ್ರಿಡ್ಜ್ ಮೇಲೆ ಸಿಗುವ ಬಾಸ್ ಕನ್ಸಿಯರ್ಜ್ ಕೈಯಲ್ಲೇ ಸಾಯುತ್ತಿದ್ದೇನೆ.

ಆಗುವುದು ಹೀಗೆ. ಅವನು ಮೇಲಕ್ಕೆ ನೆಗೆಯುತ್ತಾನೆ. ಕೆಳಗೆ ಬರುವ ಹೊತ್ತಿಗೆ ನಾನು ರೋಲ್ (ಉರುಳಿ ತಪ್ಪಿಸಿಕೊಳ್ಳುವ ಬಟನ್) ಒತ್ತುತ್ತೇನೆ. ಬಟನ್ ಕೆಳಗೆ ಹೋದದ್ದು ಬೆರಳಿಗೆ ಗೊತ್ತಾಗುತ್ತದೆ. ನನ್ನವನು ಮಾತ್ರ ಕಂಬದ ಹಾಗೆ ನಿಂತಿರುತ್ತಾನೆ. ಏಟು ಬೀಳುತ್ತದೆ, ಆಮೇಲೆ ಉರುಳುತ್ತಾನೆ. ಗುರಾಣಿ ಎತ್ತಿ ಪ್ಯಾರಿ ಮಾಡಲು (ಸರಿಯಾದ ಕ್ಷಣಕ್ಕೆ ಏಟು ತಡೆಯಲು) ಹೋದರೂ ಇದೇ ಕಥೆ.

ಫ್ರೇಮ್ ಲೆಕ್ಕ ನೋಡಿದರೆ ಗಟ್ಟಿಯಾಗಿ 60 ತೋರಿಸುತ್ತಿದೆ. ಸೇವ್ ಫೋಲ್ಡರ್ ಬೇರೆ ಕಡೆ ಕಾಪಿ ಮಾಡಿಟ್ಟು ಗೇಮ್ ತೆಗೆದು ಮತ್ತೆ ಹಾಕಿದೆ. ಡ್ರೈವರ್ ಹೊಸದು ಹಾಕಿದೆ. ರೆಸಲ್ಯೂಷನ್ ಇಳಿಸಿದೆ. ಏನೂ ಬದಲಾಗಲಿಲ್ಲ.

ಸತ್ತರೆ ಮೊದಲಿಂದ ಶುರು ಮಾಡಬೇಕು, ಆಯುಧ ಬಿಡಿಸಲು ಕೂಡಿಸಿದ್ದ ಸೆಲ್‌ಗಳು ಹೋಗುತ್ತವೆ. ಅದಕ್ಕೆ ನನಗೆ ಯಾವತ್ತೂ ಬೇಜಾರಾಗಿಲ್ಲ. ಪ್ರತಿ ಸಲ ತಪ್ಪು ನನ್ನದೇ ಅಂತ ಕಣ್ಣಿಗೆ ಕಾಣಿಸುತ್ತಿತ್ತು. ಬೇಗ ನೆಗೆದೆ, ಆಸೆಬಿದ್ದು ಇನ್ನೊಂದು ಏಟು ಹಾಕಲು ಹೋದೆ, ಹೀಗೆ. ಈ ಗೇಮ್ ನನಗೆ ಇಷ್ಟವಾಗಿದ್ದೇ ಅದಕ್ಕೆ. ಈಗ ನಲವತ್ತು ನಿಮಿಷ ಆಡಿ ಸತ್ತಾಗ ಏನು ಕಲಿಯಬೇಕು ಅಂತಲೇ ತಿಳಿಯುತ್ತಿಲ್ಲ.

ಅಂತರಗಂಗೆ (ಕೋಲಾರ), ಶನಿವಾರ ಬೆಳಿಗ್ಗೆ 7:15

ಇನ್ನು ಗೇಮ್ ತೆಗೆದು ಹಾಕುವ ಕೆಲಸ ಬೇಡ ತಮ್ಮ, ಸುಮ್ನೆ ಡೇಟಾ ಖರ್ಚು. ಮೂರು ಪ್ರಶ್ನೆಗೆ ಉತ್ತರ ಕೊಡಿ. ಲ್ಯಾಪ್‌ಟಾಪ್ ಪರದೆಯಲ್ಲೇ ಆಡುತ್ತಿದ್ದೀರಾ, ಬೇರೆ ಪರದೆಗೆ ಹಾಕಿದ್ದೀರಾ? ಕಂಟ್ರೋಲರ್ ವೈರ್‌ದಾ, ಬ್ಲೂಟೂತಾ? ಆಡುವಾಗ ಚಾರ್ಜರ್ ಹಾಕಿರುತ್ತೀರಾ?

ಇನ್ನೊಂದು ಮಾತು. ಫ್ರೇಮ್ 60 ಇದೆ ಅಂದರೆ ಕಂಪ್ಯೂಟರ್ ಸೆಕೆಂಡಿಗೆ 60 ಚಿತ್ರ ಬರೆಯುತ್ತಿದೆ ಅಂತ ಅರ್ಥ, ಅಷ್ಟೇ. ಬಟನ್ ಒತ್ತಿದ್ದು ಎಷ್ಟು ಹೊತ್ತಿಗೆ ನಿಮ್ಮ ಕಣ್ಣಿಗೆ ಬಿತ್ತು ಅನ್ನುವುದು ಬೇರೆ ಲೆಕ್ಕ. ಎರಡನ್ನೂ ಒಂದೇ ಅಂದುಕೊಂಡರೆ ವಾರಗಟ್ಟಲೆ ಹುಡುಕಬೇಕಾಗುತ್ತದೆ.

ಚಿನ್ನದಗಣಿ (ಕೆಜಿಎಫ್), ಶನಿವಾರ ಬೆಳಿಗ್ಗೆ 9:02

ನನಗೂ ಹೋದ ಏಪ್ರಿಲ್‌ನಲ್ಲಿ ಹೀಗೇ ಆಗಿತ್ತು ಗುರು. ಚಾರ್ಜರ್ ತೆಗೆದರೆ ನನ್ನ ಲ್ಯಾಪ್‌ಟಾಪ್ ಪವರ್ ಸೇವರ್‌ಗೆ ಹೋಗುತ್ತಿತ್ತು. ಜೊತೆಗೆ ಫ್ಯಾನ್ ತುಂಬಾ ಧೂಳು. ಹಿಂಬದಿ ಬಿಚ್ಚಿ ಬ್ರಷ್ ಹಾಕಿದಾಗ ಬೆರಳುದ್ದ ಧೂಳಿನ ಪಟ್ಟಿ ಹೊರಗೆ ಬಂತು. ಬಿಸಿಯಾದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ.

ಗೇಮ್ ಎಂಎಕ್ಸ್150 ಮೇಲೆ ಓಡುತ್ತಿದೆಯಾ, ಇಂಟೆಲ್ ಗ್ರಾಫಿಕ್ಸ್ ಮೇಲಾ ನೋಡಿ. ವಿಂಡೋಸ್ ಗ್ರಾಫಿಕ್ಸ್ ಸೆಟ್ಟಿಂಗ್ಸ್‌ನಲ್ಲಿ ಬದಲಾಯಿಸಬಹುದು. ಗೇಮ್ ಫೋಲ್ಡರ್‌ನಲ್ಲಿ deadcells ಜೊತೆಗೆ ಹೆಸರಿನ ಕೊನೆಗೆ ಜಿಎಲ್ ಅಂತ ಇರುವ ಇನ್ನೊಂದು ಫೈಲ್ ಇರುತ್ತದೆ. ಅದು ಓಪನ್‌ಜಿಎಲ್ ಅನ್ನುವ, ಚಿತ್ರ ಬರೆಯುವ ಇನ್ನೊಂದು ವಿಧಾನದಲ್ಲಿ ಓಡುತ್ತದೆ. ಅದನ್ನೂ ಒಂದು ಸಲ ತೆರೆದು ನೋಡಿ.

ಅಪ್‌ಡೇಟ್ ಬಂದು ಸರಿಹೋಗುತ್ತದೆ ಅಂತ ಕಾಯಬೇಡಿ. 2017ರಲ್ಲಿ ಅರ್ಲಿ ಆಕ್ಸೆಸ್‌ಗೆ ಬಂದ ಗೇಮ್ ಇದು, ಪೂರ್ತಿಯಾಗಿ ಬಂದಿದ್ದು 2018ರ ಆಗಸ್ಟ್‌ನಲ್ಲಿ. ಆಮೇಲೂ ವರ್ಷಗಟ್ಟಲೆ ಅಪ್‌ಡೇಟ್ ಕೊಟ್ಟರು. 2024ರಲ್ಲಿ ಕೊನೆಯ ದೊಡ್ಡದು ಬಂದು ನಿಂತಿತು.

ವಿಷಯಕ್ಕೆ ಹೊರತಾದ ಮಾತು, ಹೇಳದೆ ಇರಲಾರೆ. ಇದನ್ನು ಕಟ್ಟಿದ ಮೋಷನ್ ಟ್ವಿನ್ ಫ್ರಾನ್ಸಿನ ಬೋರ್ಡೋ ಊರಿನ ತಂಡ. ಅಲ್ಲಿ ಕೆಲಸಗಾರರೇ ಯಜಮಾನರು, ಎಲ್ಲರಿಗೂ ಒಂದೇ ಸಂಬಳ. ಗಣಿಯಲ್ಲಿ ದುಡಿದ ನಮ್ಮಪ್ಪನಿಗೆ ಇದನ್ನು ಹೇಳಿದಾಗ ಎರಡೆರಡು ಸಲ ಕೇಳಿ ಖಚಿತ ಮಾಡಿಕೊಂಡರು.

ಅಮಾನಿಕೆರೆ_ದಂಡೆ (ತುಮಕೂರು), ಶನಿವಾರ ಮಧ್ಯಾಹ್ನ 3:30

ಇಬ್ಬರಿಗೂ ಥ್ಯಾಂಕ್ಸ್. ಅಕ್ಕ, ನಿಮ್ಮ ಪ್ರಶ್ನೆಗಳಿಗೆ ಉತ್ತರ: ಚಾರ್ಜರ್ ಯಾವಾಗಲೂ ಹಾಕಿರುತ್ತೇನೆ. ಕಂಟ್ರೋಲರ್ ಬ್ಲೂಟೂತ್, ಆದರೆ ಎಂಟು ತಿಂಗಳಿಂದ ಅದೇ. ಪರದೆ ಮಾತ್ರ ಬದಲಾಗಿದೆ. ಮನೆಗೆ ಹೊಸ 43 ಇಂಚಿನ ಟಿವಿ ಬಂತು, ಎಚ್‌ಡಿಎಂಐ ಹಾಕಿ ಹಾಲ್‌ನಲ್ಲಿ ಆಡುತ್ತಿದ್ದೇನೆ. ಇದನ್ನು ಮೊದಲೇ ಹೇಳಬೇಕಿತ್ತು. ಚಿತ್ರ ಅಷ್ಟು ಚೆನ್ನಾಗಿ ಬರುತ್ತಿದ್ದದ್ದರಿಂದ ಟಿವಿ ಮೇಲೆ ಅನುಮಾನವೇ ಬರಲಿಲ್ಲ.

ಗಣಿ ಅಣ್ಣ, ನೀವು ಹೇಳಿದ್ದೆಲ್ಲ ಮಾಡಿದೆ. ಫ್ಯಾನ್ ಸದ್ದು ಕಡಿಮೆಯಾಯಿತು. ಗೇಮ್ ಎಂಎಕ್ಸ್150 ಮೇಲೇ ಓಡುತ್ತಿತ್ತು. ಜಿಎಲ್ ಫೈಲಿನಲ್ಲೂ ವ್ಯತ್ಯಾಸ ಕಾಣಲಿಲ್ಲ. ರೋಲ್ ಹಾಗೇ ತಡ.

ರೇಷ್ಮೆಗೂಡು (ಶಿಡ್ಲಘಟ್ಟ), ಶನಿವಾರ ರಾತ್ರಿ 8:48

ರೇಷ್ಮೆ ಹುಳ ನಾಲ್ಕನೇ ಜ್ವರಕ್ಕೆ (ಪೊರೆ ಬಿಡಲು) ಕೂತಿವೆ, ಸೊಪ್ಪು ಹಾಕುವ ಕೆಲಸ ಇಲ್ಲ. ಹಾಗಾಗಿ ನಿಧಾನವಾಗಿ ಕೂತು ಬರೆಯುತ್ತಿದ್ದೇನೆ.

ಅಂದಾಜು ಬೇಡ, ಅಳೆದು ನೋಡಿ. ನಿಮ್ಮ ಫೋನಿನ ಕ್ಯಾಮೆರಾದಲ್ಲಿ ಸ್ಲೋ ಮೋಷನ್ ಇದೆಯಾ? ಸೆಕೆಂಡಿಗೆ 240 ಫ್ರೇಮ್ ತೆಗೆಯುವಂತಿದ್ದರೆ ಸಾಕು. ಆಗ ಒಂದೊಂದು ಫ್ರೇಮ್ ಅಂದರೆ ಹತ್ತಿರ ಹತ್ತಿರ 4 ಮಿಲಿಸೆಕೆಂಡ್.

ಗೇಮ್ ತೆರೆದು ಮೊದಲ ಹಂತ ಪ್ರಿಸನರ್ಸ್ ಕ್ವಾರ್ಟರ್ಸ್‌ನಲ್ಲಿ, ಶತ್ರು ಇಲ್ಲದ ಕಡೆ ನಿಲ್ಲಿ. ಫೋನನ್ನು ಯಾವುದಾದರೂ ಡಬ್ಬಕ್ಕೆ ಒರಗಿಸಿ. ಕಂಟ್ರೋಲರ್ ಮೇಲಿನ ನಿಮ್ಮ ಹೆಬ್ಬೆರಳು ಮತ್ತು ಹಿಂದೆ ಪರದೆ, ಎರಡೂ ಒಂದೇ ಚಿತ್ರದಲ್ಲಿ ಕಾಣಬೇಕು. ಹತ್ತು ಸಲ ನೆಗೆಯಿರಿ. ಆಮೇಲೆ ವಿಡಿಯೋವನ್ನು ಒಂದೊಂದೇ ಫ್ರೇಮ್ ಮುಂದಕ್ಕೆ ತಳ್ಳುತ್ತಾ, ಬಟನ್ ತಳ ಮುಟ್ಟಿದ ಫ್ರೇಮಿಂದ ಹೀರೋ ಕಾಲು ನೆಲ ಬಿಡುವ ಫ್ರೇಮ್‌ವರೆಗೆ ಎಣಿಸಿ. ಟಿವಿಯಲ್ಲಿ ಒಂದು ಸಲ, ಲ್ಯಾಪ್‌ಟಾಪ್ ಪರದೆಯಲ್ಲಿ ಒಂದು ಸಲ. ಎರಡಕ್ಕೂ ಅದೇ ಬ್ಲೂಟೂತ್ ಕಂಟ್ರೋಲರ್ ಇರಲಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ.

ಅಮಾನಿಕೆರೆ_ದಂಡೆ (ತುಮಕೂರು), ಭಾನುವಾರ ಬೆಳಿಗ್ಗೆ 10:20

ಸಿಕ್ಕಿತು!

ಉಪ್ಪಿನಕಾಯಿ ಜಾಡಿಗೆ ಫೋನ್ ಒರಗಿಸಿ, ತಂಗಿಯನ್ನು ಪಕ್ಕದಲ್ಲಿ ಎಣಿಸಲು ಕೂರಿಸಿಕೊಂಡೆ. ಟಿವಿಯಲ್ಲಿ ಬಟನ್ ತಳ ಮುಟ್ಟಿದ ಮೇಲೆ 41 ಫ್ರೇಮ್ ಆಗುವವರೆಗೆ ಹೀರೋ ಕಾಲು ನೆಲಕ್ಕೇ ಅಂಟಿಕೊಂಡಿತ್ತು. ವಿಡಿಯೋದಲ್ಲಿ ನನ್ನ ಹೆಬ್ಬೆರಳು ಒತ್ತಿ, ಬಿಟ್ಟು, ಮೇಲೆ ಬಂದಾಗಿದೆ, ಅವನು ಇನ್ನೂ ಮೊಣಕಾಲು ಕೂಡ ಬಗ್ಗಿಸಿಲ್ಲ. ಸುಮಾರು 170 ಮಿಲಿಸೆಕೆಂಡ್. ಲ್ಯಾಪ್‌ಟಾಪ್ ಪರದೆಯಲ್ಲಿ 16 ಫ್ರೇಮ್. ಅಂದರೆ ಟಿವಿಯೊಂದೇ ನೂರಕ್ಕೂ ಜಾಸ್ತಿ ಮಿಲಿಸೆಕೆಂಡ್ ತಿನ್ನುತ್ತಿದೆ.

ಇದನ್ನು ನೋಡಿ ಎಷ್ಟು ಸಮಾಧಾನ ಆಯಿತು ಗೊತ್ತಾ? ಎರಡು ವಾರ ನನ್ನ ಕೈಯನ್ನೇ ಬೈದುಕೊಂಡಿದ್ದೆ.

ಅಂತರಗಂಗೆ (ಕೋಲಾರ), ಭಾನುವಾರ ಬೆಳಿಗ್ಗೆ 10:41

ಅದೇ ಅನುಮಾನ ಇತ್ತು. ಹೊಸ ಟಿವಿಗಳು ಬಂದ ಚಿತ್ರವನ್ನು ಹಾಗೇ ತೋರಿಸುವುದಿಲ್ಲ. ಬಣ್ಣ ತಿದ್ದಿ, ಚೂಪು ಮಾಡಿ, ಎರಡು ಫ್ರೇಮ್ ನಡುವೆ ತಾವೇ ಒಂದು ಫ್ರೇಮ್ ಸೇರಿಸಿ ನುಣುಪು ಮಾಡಿ ಆಮೇಲೆ ತೋರಿಸುತ್ತವೆ. ಅಷ್ಟು ಮಾಡಲು ಕೆಲವು ಫ್ರೇಮ್ ಹಿಡಿದಿಟ್ಟುಕೊಳ್ಳಬೇಕು. ಸಿನಿಮಾಗೆ ಇದರಿಂದ ತೊಂದರೆ ಇಲ್ಲ, ಮಾತೂ ಚಿತ್ರವೂ ಒಟ್ಟಿಗೆ ತಡವಾಗುತ್ತವೆ. ಗೇಮ್‌ಗೆ ಮಾತ್ರ ಆಗಿಬರುವುದಿಲ್ಲ.

ಟಿವಿ ಸೆಟ್ಟಿಂಗ್ಸ್‌ನಲ್ಲಿ ಪಿಕ್ಚರ್ ಮೋಡ್ ತೆರೆದು ಗೇಮ್ ಅಂತ ಇಡಿ. ಮೋಷನ್ ನುಣುಪು ಮಾಡುವ ಆಯ್ಕೆ ಬೇರೆ ಇದ್ದರೆ ಅದನ್ನೂ ಆಫ್ ಮಾಡಿ. ಲ್ಯಾಪ್‌ಟಾಪ್ ವೈರ್ ಯಾವ ಎಚ್‌ಡಿಎಂಐ ತೂತಿನಲ್ಲಿ ಇದೆಯೋ ಅದನ್ನು ಆರಿಸಿಕೊಂಡು ಮಾಡಿ. ಬಹಳ ಟಿವಿಗಳಲ್ಲಿ ಒಂದೊಂದು ತೂತಿಗೆ ಒಂದೊಂದು ಸೆಟ್ಟಿಂಗ್ ಇರುತ್ತದೆ.

ಅಮಾನಿಕೆರೆ_ದಂಡೆ (ತುಮಕೂರು), ಭಾನುವಾರ ಸಂಜೆ 6:05

ಗೇಮ್ ಮೋಡ್ ಹಾಕಿದ ಮೇಲೆ 20 ಫ್ರೇಮ್. ಬಣ್ಣ ಸ್ವಲ್ಪ ಮಂಕಾಯಿತು, ಪರವಾಗಿಲ್ಲ. ಕಂಟ್ರೋಲರ್‌ಗೆ ವೈರ್ ಹಾಕಿ ನೋಡಿದೆ, 18ಕ್ಕೆ ಇಳಿಯಿತು. ಕನ್ಸಿಯರ್ಜ್ ಮೊದಲನೇ ಸಲಕ್ಕೇ ಬಿದ್ದ. ಟೈಮ್ ಕೀಪರ್ ಕೂಡ.

ಆದರೆ ಹ್ಯಾಂಡ್ ಆಫ್ ದ ಕಿಂಗ್ ಹತ್ತಿರ ಮತ್ತೆ ಸತ್ತೆ. ಈ ಸಲ ರೋಲ್ ಸರಿಯಾಗಿತ್ತು. ಅವನ ಪ್ರಾಣ ಇಳಿಯುವುದೇ ಇಲ್ಲ ಅಲ್ವಾ? ಹೊಡೆದು ಹೊಡೆದು ಕೈ ಸೋತಿತು. ಕೆಂಪು ಕತ್ತಿ, ನೇರಳೆ ಬಿಲ್ಲು ಇತ್ತು. ಬಲ ಏರಿಸುವ ಸ್ಕ್ರೋಲ್‌ಗಳನ್ನು ಎರಡು ಬಣ್ಣಕ್ಕೂ ಸಮ ಹಂಚಿದ್ದೆ. ಇದಕ್ಕೂ ಒಂದು ದಾರಿ ಹೇಳಿ.

ರೇಷ್ಮೆಗೂಡು (ಶಿಡ್ಲಘಟ್ಟ), ಭಾನುವಾರ ರಾತ್ರಿ 9:10

ಸಮ ಹಂಚಿದ್ದೇ ತೊಂದರೆ. ಈ ಗೇಮ್ ಇದನ್ನು ಬಿಡಿಸಿ ಹೇಳುವುದಿಲ್ಲ. ಅದರ ಮೇಲೆ ನನಗಿರುವ ದೊಡ್ಡ ಬೇಸರ ಇದೇ.

ಒಂದು ಬಣ್ಣಕ್ಕೆ ಒಂದು ಸ್ಕ್ರೋಲ್ ಹಾಕಿದರೆ ಆ ಬಣ್ಣದ ಆಯುಧದ ಏಟು 15 ಪರ್ಸೆಂಟ್ ಏರುತ್ತದೆ. ಮುಂದಿನ ಸ್ಕ್ರೋಲ್ ಆ ಏರಿದ ಏಟಿನ ಮೇಲೆ ಮತ್ತೆ 15 ಪರ್ಸೆಂಟ್. ಚಕ್ರಬಡ್ಡಿ ಇದ್ದ ಹಾಗೆ. 16 ಸ್ಕ್ರೋಲ್ ಸಿಕ್ಕಿತು ಅಂದುಕೊಳ್ಳಿ. ಎಂಟು ಎಂಟು ಹಂಚಿದರೆ ಎರಡೂ ಆಯುಧ ಮೂರು ಪಟ್ಟು. ಹದಿನಾರೂ ಕೆಂಪಿಗೇ ಹಾಕಿದರೆ ಕತ್ತಿ ಒಂಬತ್ತು ಪಟ್ಟಿಗಿಂತ ಜಾಸ್ತಿ. ಹಂಚಿದರೆ ಪ್ರಾಣ ಸ್ವಲ್ಪ ಹೆಚ್ಚು ಸಿಗುತ್ತದೆ ನಿಜ, ಅದು ಈ ನಷ್ಟಕ್ಕೆ ಸಾಟಿಯಲ್ಲ. ಎರಡನೇ ಹಂತ ಮುಗಿಯುವಷ್ಟರಲ್ಲಿ ಯಾವ ಬಣ್ಣದ ಒಳ್ಳೆ ಆಯುಧ ಕೈಲಿದೆ ನೋಡಿ, ಅದೊಂದನ್ನೇ ಹಿಡಿಯಿರಿ.

ಏಟು ಬಿದ್ದಾಗ ಹೆದರಿ ಓಡಬೇಡಿ. ಪ್ರಾಣದ ಪಟ್ಟಿಯಲ್ಲಿ ಕಿತ್ತಳೆ ಬಣ್ಣದ ತುಂಡು ಸ್ವಲ್ಪ ಹೊತ್ತು ಉಳಿದಿರುತ್ತದೆ. ಅದು ಕರಗುವ ಮೊದಲು ತಿರುಗಿ ಹೊಡೆದರೆ ಅಷ್ಟು ಪ್ರಾಣ ವಾಪಸ್ ಬರುತ್ತದೆ. ಮುನ್ನುಗ್ಗಿದವನಿಗೆ ಕೂಲಿ ಕೊಡುವ ಈ ಏರ್ಪಾಟು ನನಗೆ ಬೇರೆ ಯಾವ ಗೇಮ್‌ನಲ್ಲೂ ಇಷ್ಟು ಹಿಡಿಸಿಲ್ಲ.

ಚಿನ್ನದಗಣಿ (ಕೆಜಿಎಫ್), ಭಾನುವಾರ ರಾತ್ರಿ 9:33

ಅದೆಲ್ಲ ಸರಿ. ಆದರೆ ಒಳ್ಳೆ ಆಯುಧ ಸಿಗಬೇಕಲ್ಲ? ಬ್ಲೂಪ್ರಿಂಟ್ (ಆಯುಧದ ನಕ್ಷೆ) ಕೂಡಿಸಿ, ಸೆಲ್ ಸುರಿದು ಆಯುಧ ಬಿಡಿಸಿದಷ್ಟೂ ಪಟ್ಟಿ ಉದ್ದವಾಗುತ್ತದೆ. ಬೇಕಾದದ್ದು ಸಿಗುವುದು ಅಷ್ಟೇ ಕಷ್ಟವಾಗುತ್ತದೆ. ದುಡಿದು ಗಳಿಸಿದ್ದೇ ಅಡ್ಡ ಬಂದ ಹಾಗೆ. ಎಷ್ಟು ಇಷ್ಟಪಟ್ಟು ಆಡಿದರೂ ಇದು ನನಗೆ ನೋಯುತ್ತದೆ. ಕಸ್ಟಮ್ ಮೋಡ್‌ನಲ್ಲಿ ಬೇಡದ ಆಯುಧ ತೆಗೆದಿಡಬಹುದು, ನಾನೀಗ ಹಾಗೇ ಆಡುತ್ತಿರುವುದು.

ಬಾಸ್ ಬಗ್ಗೆ: ಒಂದು ಸಲ ಎದುರಿಸಿದ ಬಾಸ್ ಅನ್ನು ಟ್ರೈನಿಂಗ್ ರೂಮಿನಲ್ಲಿ ಮತ್ತೆ ಮತ್ತೆ ಎದುರಿಸಬಹುದು. ಪ್ರಿಸನರ್ಸ್ ಕ್ವಾರ್ಟರ್ಸ್ ಶುರುವಿನಲ್ಲೇ ಇದೆ. ನಲವತ್ತು ನಿಮಿಷ ಓಡಿ ಅವನ ಮುಂದೆ ಒಂದು ನಿಮಿಷ ಕಲಿಯುವುದಕ್ಕಿಂತ ಅಲ್ಲೇ ಹತ್ತು ಸಲ ಸಾಯಿರಿ. ಆಟ ಸುಲಭ ಮಾಡಿಕೊಳ್ಳುವ ಅಸಿಸ್ಟ್ ಮೋಡ್ ಮಾತ್ರ ಮುಟ್ಟಬೇಡಿ, ಅದರಲ್ಲಿ ಗೆದ್ದರೆ ಗೆದ್ದ ಹಾಗಲ್ಲ.

ಅಂತರಗಂಗೆ (ಕೋಲಾರ), ಭಾನುವಾರ ರಾತ್ರಿ 10:02

ಕೊನೆಯ ಮಾತು ಒಪ್ಪುವುದಿಲ್ಲ ಅಣ್ಣ. ನನ್ನ ಬಲಗೈ ಮಣಿಕಟ್ಟು ಮುರಿದು ಕೂಡಿದ್ದು. ಅರ್ಧ ಗಂಟೆ ಆದ ಮೇಲೆ ಬೆರಳು ಹೇಳಿದ ಮಾತು ಕೇಳುವುದಿಲ್ಲ. 2022ರಲ್ಲಿ ಅಸಿಸ್ಟ್ ಮೋಡ್ ಬಂದ ಮೇಲೇ ನಾನು ಮೊದಲ ಸಲ ಹ್ಯಾಂಡ್ ಆಫ್ ದ ಕಿಂಗ್ ಇರುವ ಸಿಂಹಾಸನದ ಕೋಣೆ ನೋಡಿದ್ದು. ಪ್ಯಾರಿಗೆ ಸಮಯ ಸ್ವಲ್ಪ ಹಿಗ್ಗಿಸಿಕೊಂಡೆ, ಮುಳ್ಳು ಗರಗಸಗಳ ವೇಗ ಇಳಿಸಿದೆ. ಶತ್ರುಗಳ ಬಲ ಮುಟ್ಟಲಿಲ್ಲ. ಪ್ರತಿ ಏಟೂ ನಾನೇ ಹಾಕಿದ್ದು. ಬೇರೆ ಬೇರೆ ಕೈಗಳಿಗೆ ಒಂದೊಂದನ್ನೂ ಬಿಡಿಬಿಡಿಯಾಗಿ ತಿದ್ದಿಕೊಳ್ಳಲು ಬಿಟ್ಟಿದ್ದಾರೆ. ಈ ಗೇಮ್ ಮಾಡಿದವರ ಮೇಲೆ ನನಗೆ ಗೌರವ ಬಂದದ್ದು ಅದಕ್ಕೇ.

ಚಿನ್ನದಗಣಿ (ಕೆಜಿಎಫ್), ಭಾನುವಾರ ರಾತ್ರಿ 10:15

ಕ್ಷಮಿಸಿ ಅಕ್ಕ, ಹಾಗೆ ಯೋಚಿಸಿರಲಿಲ್ಲ. ಆ ಮಾತು ವಾಪಸ್ ತಗೊಂಡೆ.

ಅಮಾನಿಕೆರೆ_ದಂಡೆ (ತುಮಕೂರು), ಗುರುವಾರ ರಾತ್ರಿ 11:55

ನಾಲ್ಕು ದಿನ ಟ್ರೈನಿಂಗ್ ರೂಮಿನಲ್ಲೇ ಇದ್ದೆ. ಹ್ಯಾಂಡ್ ಆಫ್ ದ ಕಿಂಗ್ ಈಟಿ ಮುಂದೆ ಮಾಡಿ ನುಗ್ಗುವ ಮೊದಲು ಒಂದು ಕ್ಷಣ ಹಿಂದಕ್ಕೆ ಬಾಗುತ್ತಾನೆ. ಇಷ್ಟು ದಿನ ನಾನು ಈಟಿ ನೋಡುತ್ತಿದ್ದೆ, ಈಗ ಭುಜ ನೋಡುತ್ತೇನೆ. ಇವತ್ತು ಎಲ್ಲ ಸ್ಕ್ರೋಲ್ ಕೆಂಪಿಗೇ ಹಾಕಿ ಹೋದೆ. ಅವನ ಪ್ರಾಣ ಬೆರಳಗಲ ಉಳಿದಿದ್ದಾಗ ಸತ್ತೆ. ಔಷಧಿ ಕುಡಿಯಲು ನಿಂತದ್ದು ತಪ್ಪಾಯಿತು, ಹೊಡೆದಿದ್ದರೆ ಮುಗಿಯುತ್ತಿತ್ತು. ಸ್ಪಷ್ಟವಾಗಿ ಕಾಣಿಸಿತು. ನಾಳೆ ಮತ್ತೆ ಹೋಗುತ್ತೇನೆ.

ಮುಂದೆ ಇಲ್ಲಿ ಓದುವವರಿಗೆ ಒಂದು ವಿಷಯ. ಬುಧವಾರ ಮಳೆಗೆ ಕರೆಂಟ್ ಹೋಗಿ ಬಂತು. ಆಮೇಲೆ ಕೂತಾಗ ರೋಲ್ ಮತ್ತೆ ತಡ. ನೋಡಿದರೆ ನಮ್ಮ ಟಿವಿ ತಾನೇ ಸ್ಟ್ಯಾಂಡರ್ಡ್ ಮೋಡ್‌ಗೆ ವಾಪಸ್ ಹೋಗಿತ್ತು. ಬಣ್ಣ ಇದ್ದಕ್ಕಿದ್ದ ಹಾಗೆ ಚೆನ್ನಾಗಿ ಕಂಡರೆ ಮೊದಲು ಅದನ್ನು ನೋಡಿ.