ಪ್ರಭೇದಗಳೇ ಬದಲಾಗುತ್ತಿದ್ದರೆ ವರ್ಗೀಕರಣಕ್ಕೆ ಆಧಾರವೇನು?

ಕಾಳಿತೀರ, ಕಾರವಾರ:
ನಾನು ಪದವಿಯಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದೇನೆ. ನಮ್ಮ ದೇವಬಾಗದ ಕಡಲಿನಲ್ಲಿ ಕಾಣುವ ಡುಬ್ಬದ ಡಾಲ್ಫಿನ್ನನ್ನು ಹಳೆಯ ಪುಸ್ತಕಗಳು ಸೂಸಾ ಚೈನೆನ್ಸಿಸ್ ಎನ್ನುತ್ತವೆ, ಹೊಸ ಬರಹಗಳು ಸೂಸಾ ಪ್ಲಂಬಿಯಾ ಎನ್ನುತ್ತವೆ. ಪ್ರಾಣಿ ವಿಕಾಸ ಹೊಂದಿದ್ದರಿಂದ ಹೆಸರು ಬದಲಾಯಿತೇ? ಹಾಗಿದ್ದರೆ ವರ್ಗೀಕರಣ ಯಾವುದನ್ನು ನೆಚ್ಚಿಕೊಂಡಿದೆ?

ಮಲೆನಾಡಿಗ, ಶಿರಸಿ:
ಡಾಲ್ಫಿನ್ ಬದಲಾಗಿಲ್ಲ, ಅದರ ನೆಂಟಸ್ತಿಕೆಯ ಬಗ್ಗೆ ನಮ್ಮ ತಿಳಿವಳಿಕೆ ಬದಲಾಗಿದೆ. ತಲೆಬುರುಡೆ, ಮೈಬಣ್ಣ, ಡುಬ್ಬದ ಆಕಾರ ಮತ್ತು ಡಿಎನ್‌ಎಗಳನ್ನು ಒಟ್ಟಿಗೆ ಪರಿಶೀಲಿಸಿ 2014ರಲ್ಲಿ ಸೂಸಾ ಎಂಬ ಜಾತಿಯನ್ನು (ಜೀನಸ್) ನಾಲ್ಕು ಪ್ರಭೇದಗಳಾಗಿ ವಿಂಗಡಿಸಲಾಯಿತು. ಅಂದ ಹಾಗೆ, ಪ್ಲಂಬಿಯಾ ಎಂಬುದು 1829ರಷ್ಟು ಹಳೆಯ ಹೆಸರೇ.

ಇನ್ನು ಆಧಾರದ ಮಾತು. ಸ್ವೀಡನ್ನಿನ ವರ್ಗೀಕರಣ ವಿಜ್ಞಾನಿ ಲಿನೇಯಸ್ 1758ರಲ್ಲಿ ತಿಮಿಂಗಿಲಗಳನ್ನು (ಡಾಲ್ಫಿನ್ನುಗಳೂ ಇದೇ ಗುಂಪಿನವು) ಮೀನುಗಳ ಸಾಲಿನಿಂದ ತೆಗೆದು ಸಸ್ತನಿಗಳ ಜೊತೆಗಿಟ್ಟಾಗ ಅವನ ಮುಂದಿದ್ದದ್ದು ಶ್ವಾಸಕೋಶ, ಹೃದಯ, ಹಾಲೂಡುವಿಕೆಯಂಥ ಲಕ್ಷಣಗಳು ಮಾತ್ರ. ಆ ಲಕ್ಷಣಗಳು ಒಟ್ಟಿಗೆ ಏಕೆ ಬರುತ್ತವೆ ಎಂಬುದಕ್ಕೆ ಸಮಾನ ಪೂರ್ವಜರೇ ಕಾರಣವೆಂದು ಡಾರ್ವಿನ್ 1859ರಲ್ಲಿ ವಿವರಿಸಿದ ಮೇಲೆ, ವರ್ಗೀಕರಣವು ವಂಶಾವಳಿಯನ್ನು ಹೇಳಬೇಕೆಂಬ ನಿಲುವು ಬಲವಾಯಿತು. ಬಂಗುಡೆಗೂ ಡಾಲ್ಫಿನ್ನಿಗೂ ಇರುವ ಮೈಕಟ್ಟಿನ ಹೋಲಿಕೆ ನೀರಿನಲ್ಲಿ ಈಜುವ ಬದುಕು ರೂಪಿಸಿದ್ದೇ ಹೊರತು ರಕ್ತಸಂಬಂಧದ ಗುರುತಲ್ಲ. ಅದೇ, ಪಾಕಿಸ್ತಾನದಲ್ಲಿ ಸಿಕ್ಕಿ 2001ರಲ್ಲಿ ವರದಿಯಾದ ಪ್ರಾಚೀನ ತಿಮಿಂಗಿಲಗಳ ಪಳೆಯುಳಿಕೆಯಲ್ಲಿ ಹಿಂಗಾಲಿನ ಕೀಲಿನ ಮೂಳೆಯ ಎರಡೂ ತುದಿಗಳು ರಾಟೆಯಂತಿದ್ದವು. ದನ, ಜಿಂಕೆ, ಹಂದಿಗಳಂಥ ಸೀಳುಗೊರಸಿನ ಪ್ರಾಣಿಗಳ ಖಚಿತ ಗುರುತು ಅದು. ಅಂದರೆ ತಿಮಿಂಗಿಲಗಳೂ ಅದೇ ವಂಶದವು; ಅವುಗಳ ಹತ್ತಿರದ ನೆಂಟ ಯಾರೆಂದರೆ ಡಿಎನ್‌ಎ ಅಷ್ಟರಲ್ಲೇ ಹಿಪೊಪೊಟಮಸ್ಸಿನತ್ತ ಬೆರಳು ತೋರಿಸಿತ್ತು.

ಕಾಳಿತೀರ, ಕಾರವಾರ:
ಧನ್ಯವಾದಗಳು. ಆದರೆ ಬದಲಾವಣೆ ನಿಧಾನವಾಗಿ ಸಾಗುವಾಗ ಒಂದು ಪ್ರಭೇದ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ?

ಅಘನಾಶಿನಿ, ಕುಮಟಾ:
ಅಂಥ ಒಂದು ಕ್ಷಣ ಇರುವುದಿಲ್ಲ. ಮಧ್ಯದ ರೂಪಗಳು ಅಳಿದುಹೋಗಿರುವುದರಿಂದಲೇ ಇಂದಿನ ಬಹುತೇಕ ಪ್ರಭೇದಗಳು ನಮಗೆ ಸ್ಪಷ್ಟವಾಗಿ ಬೇರೆಬೇರೆಯಾಗಿ ಕಾಣುತ್ತವೆ. ತಮ್ಮೊಳಗೆ ಕೂಡಿ ಸಂತಾನ ಪಡೆಯುವ ಗುಂಪೇ ಪ್ರಭೇದವೆಂಬ ಪಠ್ಯದ ಮಾತು ಪಳೆಯುಳಿಕೆಗಳಿಗೂ ಲೈಂಗಿಕ ಸಂತಾನೋತ್ಪತ್ತಿಯಿಲ್ಲದ ಜೀವಿಗಳಿಗೂ ಹೊಂದುವುದಿಲ್ಲ. ನನ್ನ ಮಟ್ಟಿಗೆ, ಕವಲೊಡೆಯುವುದು ಪ್ರಕೃತಿಯ ಕೆಲಸ. ಯಾವ ಕವಲನ್ನು ಕುಟುಂಬವೆನ್ನಬೇಕು, ಯಾವುದನ್ನು ಗಣವೆನ್ನಬೇಕು ಎಂಬುದು ನಾವು ಮಾಡಿಕೊಂಡ ಏರ್ಪಾಡು. ನಿಮ್ಮ ಡಾಲ್ಫಿನ್ನಿನ ವಿಷಯದಲ್ಲೇ ನೋಡಿ: ನಮ್ಮ ಪಶ್ಚಿಮ ಕರಾವಳಿಯದು ಪ್ಲಂಬಿಯಾ ಎನ್ನುವವರು ಕೂಡ ಬಂಗಾಳ ಕೊಲ್ಲಿಯ ಡುಬ್ಬದ ಡಾಲ್ಫಿನ್ನುಗಳನ್ನು ಯಾವ ಪ್ರಭೇದಕ್ಕೆ ಸೇರಿಸಬೇಕೆಂದು ಇನ್ನೂ ಚರ್ಚಿಸುತ್ತಲೇ ಇದ್ದಾರೆ.