ಕ್ಯೋಟೋದ ಹಿಮ: ಅಮ್ಮನನ್ನು ಕರೆದುಕೊಂಡು ಯಾವಾಗ, ಎಲ್ಲಿಗೆ ಹೋಗಲಿ?

ಪ್ರಶ್ನೆ: ಒಸಾಕಾದಲ್ಲಿ ಕೆಲಸದಲ್ಲಿದ್ದೇನೆ. ಜನವರಿ ಕೊನೆಗೆ ಮೈಸೂರಿನಿಂದ ಅಪ್ಪ, ಅಮ್ಮ ಬರುತ್ತಿದ್ದಾರೆ. ಹಳೇ ದೇವಸ್ಥಾನಗಳ ಮೇಲೆ ಹಿಮ ಬಿದ್ದಿರುವುದನ್ನು ಕಣ್ಣಾರೆ ನೋಡಬೇಕೆಂದು ಅಮ್ಮನಿಗೆ ಬಹಳ ಆಸೆ. ಆದರೆ ಮಂಡಿನೋವಿದೆ. ಕ್ಯೋಟೋಗೆ ಯಾವ ದಿನ ಹೋಗಲಿ? ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಕ್ಯೋಟೋದಲ್ಲೇ ಇರುವವರು: ಮೊದಲೇ ದಿನ ಗೊತ್ತುಮಾಡಬೇಡಿ ಸರ್. ಇಲ್ಲಿ ಹಿಮ ದಿನಾ ಬೀಳುವುದಿಲ್ಲ. ರಾತ್ರಿ ಬಿದ್ದದ್ದು ಬಿಸಿಲೇರಿದರೆ ಮಧ್ಯಾಹ್ನದೊಳಗೆ ಸೂರಿನಿಂದ ತೊಟ್ಟಿಕ್ಕಿ ಮುಗಿದಿರುತ್ತದೆ. ಒಸಾಕಾದಿಂದ ಜೆಆರ್ ಸ್ಪೆಷಲ್ ರ‍್ಯಾಪಿಡ್‌ ರೈಲಿನಲ್ಲಿ ಅರ್ಧ ಗಂಟೆ ತಾನೇ, ಬೆಳಗ್ಗೆ ಎದ್ದು ಹವಾಮಾನ ನೋಡಿ ಹೊರಟುಬಿಡಿ. ಸೈಬೀರಿಯಾದ ಗಾಳಿ ಜಪಾನ್ ಸಮುದ್ರದ ತೇವ ಹೊತ್ತು ಉತ್ತರದ ಬೆಟ್ಟ ದಾಟಿ ಬರುವುದರಿಂದ ಊರಿನ ಉತ್ತರಕ್ಕೇ ಹಿಮ ಹೆಚ್ಚು. ಕ್ಯೋಟೋ ಸ್ಟೇಷನ್ನಿನಲ್ಲಿ ಇಳಿದಾಗ ರಸ್ತೆ ಬರೀ ಒದ್ದೆಯಾಗಿದ್ದರೂ ವಾಪಸ್ ಹೋಗಬೇಡಿ.

ಅಮ್ಮನಿಗೆ ಚಿನ್ನದ ಮಂಟಪವಿರುವ ಕಿಂಕಾಕುಜಿ ದೇವಸ್ಥಾನವನ್ನೇ ತೋರಿಸಿ. ಬಾಗಿಲು ತೆರೆಯುವುದು 9ಕ್ಕೆ, ಹಿಮ ಬಿದ್ದ ದಿನ ಅದಕ್ಕೂ ಮುಂಚೆಯೇ ಸಾಲು ನಿಂತಿರುತ್ತದೆ. ಸಬ್‌ವೇಯಲ್ಲಿ ಕಿತಾಓಜಿಗೆ ಹೋಗಿ ಅಲ್ಲಿಂದ ಬಸ್ಸು ಹಿಡಿದರೆ ಬೇಗ. ಆ ಮಂಟಪ 1950ರಲ್ಲಿ ಬೆಂಕಿಗೆ ಹೋದದ್ದನ್ನು 1955ರಲ್ಲಿ ಮತ್ತೆ ಕಟ್ಟಿದರು. ಮೇಲಿನ ಎರಡು ಅಂತಸ್ತಿಗೆ ಮಾತ್ರ ಚಿನ್ನದ ಹಾಳೆ, ಕೆಳಗಿನದು ಮರದ ಬಣ್ಣ. ತೆಳ್ಳನೆ ಮರದ ಬಿಲ್ಲೆಗಳ ಆ ಮಾಡಿನ ಮೇಲೆ ಹಿಮ ಜರಡಿ ಹಿಡಿದ ಅಕ್ಕಿಹಿಟ್ಟಿನ ಹಾಗೆ ಸಮನಾಗಿ ಕೂತಿರುತ್ತದೆ, ಕೆಳಗೆ ಕೊಳ ಕಪ್ಪಗೆ. ಬಿಸಿಲಿನ ದಿನ ಆ ಚಿನ್ನ ಕಣ್ಣು ಕುಕ್ಕುತ್ತದೆ. ಹಿಮದಲ್ಲಿ ಮಾತ್ರ ಅದಕ್ಕೊಂದು ಮೆದುತನ ಬರುತ್ತದೆ. ನನಗಂತೂ ವರ್ಷದಲ್ಲಿ ಅದಕ್ಕಿಂತ ಚೆಂದದ ಹೊತ್ತಿಲ್ಲ. ಒಳಗೆ ಹೋದ ಕೂಡಲೇ ಸಮತಟ್ಟು ಜಾಗದಲ್ಲೇ ಈ ನೋಟ ಸಿಗುತ್ತದೆ. ಮೆಟ್ಟಿಲು ಬರುವುದು ಆಮೇಲೆ.

ಅತ್ತೆಯವರನ್ನು ಕರೆದೊಯ್ದವರು: ನಮ್ಮ ಅತ್ತೆಗೂ ಮಂಡಿನೋವು, ಅದಕ್ಕೇ ಬರೆಯುತ್ತಿದ್ದೇನೆ. ಕಿಯೊಮಿಜು ದೇವಸ್ಥಾನ ಬೆಳಗ್ಗೆ 6ಕ್ಕೇ ತೆರೆಯುತ್ತದೆ, ನೋಟವೂ ಅದ್ಭುತ. ಆದರೆ ಆ ಕಲ್ಲಿನ ಏರುದಾರಿ ಹಿಮದಲ್ಲಿ ತುಂಬಾ ಜಾರುತ್ತದೆ. ದೊಡ್ಡವರಿಗೆ ಬೇಡವೇ ಬೇಡ. ಶೂ ಹಿಡಿತದ ಸೋಲ್‌ನದ್ದಿರಲಿ. ದೇವಸ್ಥಾನದೊಳಗೆ ಶೂ ಬಿಟ್ಟು ನಡೆಯಬೇಕು, ಮರದ ನೆಲ ಮಂಜುಗಡ್ಡೆಯಷ್ಟು ತಣ್ಣಗಿರುತ್ತದೆ, ದಪ್ಪ ಉಣ್ಣೆ ಸಾಕ್ಸ್ ಇನ್ನೊಂದು ಜೊತೆ ಇಟ್ಟುಕೊಳ್ಳಿ. ಕನ್ವೀನಿಯನ್ಸ್ ಅಂಗಡಿಯಲ್ಲಿ 'ಕೈರೋ' ಅಂತ ಬಿಸಿ ಪೊಟ್ಟಣ ಸಿಗುತ್ತದೆ. ಬಟ್ಟೆಯ ಮೇಲೆ ಅಂಟಿಸುವಂಥದ್ದು ತಗೊಳ್ಳಿ, ಅತ್ತೆಯ ಸೊಂಟಕ್ಕೆ ಅದೇ ಆಧಾರವಾಗಿತ್ತು.

ಇನ್ನೊಬ್ಬರು: ನನ್ನ ಮನಸ್ಸು ಓಹರಾ ಕಡೆಗೆ. ಕ್ಯೋಟೋ ಸ್ಟೇಷನ್ನಿಂದ ಬಸ್ಸಿನಲ್ಲಿ ಸುಮಾರು ಒಂದು ಗಂಟೆ, ಬೆಟ್ಟದೊಳಗಿನ ಹಳ್ಳಿ, ಊರಲ್ಲಿ ಕರಗಿದ ಮೇಲೂ ಅಲ್ಲಿ ಹಿಮ ಉಳಿದಿರುತ್ತದೆ. ಹೋಸೆನ್‌ಇನ್‌ ದೇವಸ್ಥಾನದಲ್ಲಿ ಸುಮಾರು 700 ವರ್ಷದ ಪೈನ್ ಮರವನ್ನು ಒಳಗೆ ಕೂತೇ ಕಂಬಗಳ ನಡುವೆ ನೋಡಬಹುದು. ಟಿಕೆಟ್ಟಿನ ಜೊತೆಗೇ ಮಾಚ್ಚಾ ಚಹಾ ಕೊಡುತ್ತಾರೆ. ಬಸ್‌ಸ್ಟಾಪಿನಿಂದ ಸ್ವಲ್ಪ ಏರು ಹತ್ತಬೇಕು, ಅಮ್ಮನವರಿಗೆ ಆಗುತ್ತದೋ ಯೋಚಿಸಿ. ಕಿಬುನೆ ದೇಗುಲದ ಕೆಂಪು ದೀಪಗಳ ಮೆಟ್ಟಿಲು ಎಲ್ಲರೂ ಹೇಳುತ್ತಾರೆ, ಅದು ನಿಮಗಲ್ಲ.

ಊಟದ ವಿಷಯ: ನಾನ್‌ಜೆನ್‌ಜಿ ದೇವಸ್ಥಾನದ ಹತ್ತಿರ 'ಯುದೋಫು' ಅಂತ ಬಿಸಿನೀರಲ್ಲಿ ಬೇಯಿಸಿದ ತೋಫು ಸಿಗುತ್ತದೆ, ಚಳಿಗೆ ಹಿತ. ಸಸ್ಯಾಹಾರಿಗಳಾದರೆ ಅದ್ದಿಕೊಳ್ಳುವ ಸಾಸ್‌ನಲ್ಲಿ ಮೀನಿನ ಸಾರ ಇದೆಯೇ ಎಂದು ಮೊದಲೇ ಕೇಳಿ, ಬೇಡವೆಂದರೆ ಬರೀ ಸೋಯಾ ಸಾಸ್ ಕೊಡಲು ಹೇಳಿ.