ಹಣ ಕಟ್ಟುವ ಮುನ್ನವೇ ಒಳ್ಳೆಯ ಟ್ರೈನರ್ ಯಾರೆಂದು ತಿಳಿಯುವುದು ಹೇಗೆ?

ಜಯನಗರದ ಗುಮಾಸ್ತ:
ವಯಸ್ಸು 52, ತೂಕ 68 ಕಿಲೋ, ಆರು ವರ್ಷಗಳಿಂದ ಸಕ್ಕರೆ ಕಾಯಿಲೆ. ದಿನಾ ಲಾಲ್‌ಬಾಗಿನಲ್ಲಿ ನಡೆಯುತ್ತೇನೆ. ಅಷ್ಟು ಸಾಲದು, ಸ್ನಾಯುಗಳಿಗೂ ಕೆಲಸ ಕೊಡಿ ಎಂದರು ವೈದ್ಯರು. ಮನೆ ಹತ್ತಿರದ ಜಿಮ್‌ಗೆ ಸೇರಿದೆ. ಟ್ರೈನರ್ ಹುಡುಗ ಹೆಸರು, ಮೊಬೈಲ್ ನಂಬರ್ ಬಿಟ್ಟು ಬೇರೇನೂ ಕೇಳಲಿಲ್ಲ. ಮೊದಲ ದಿನವೇ ನೂರು ಬಸ್ಕಿ. ನಾನು ಎಣಿಸುತ್ತಿದ್ದೆ, ಅವನು ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದ. ಮರುದಿನ ಮನೆಯ ಹದಿನೆಂಟು ಮೆಟ್ಟಿಲುಗಳನ್ನು ಕಂಬಿ ಹಿಡಿದು ಹಿಮ್ಮುಖವಾಗಿ ಇಳಿದೆ. ಹೆಂಡತಿಗೆ ನಗು, ನನಗೆ ಅಳು. ಮೂರು ತಿಂಗಳ ಶುಲ್ಕ ಹೋಯಿತು, ಪ್ರೋಟೀನ್ ಪುಡಿಯ ಡಬ್ಬ ಬೇರೆ ಮನೆಗೆ ಬಂತು. ಮುಂದೆ ಏನು ನೋಡಿ ಸೇರಲಿ? ತೋಳಿನ ಸುತ್ತಳತೆ ನೋಡಿ ಒಮ್ಮೆ ಮೋಸ ಹೋಗಿದ್ದೇನೆ.

ಮಲ್ಲೇಶ್ವರದ ಟ್ರೈನರ್:
ಹದಿನಾಲ್ಕು ವರ್ಷಗಳಿಂದ ಇದೇ ಕೆಲಸದಲ್ಲಿರುವವಳು ನಾನು. ನೂರು ಬಸ್ಕಿಗಿಂತ ಆ ಮೊಬೈಲ್ ನನಗೆ ಹೆಚ್ಚು ಸಿಟ್ಟು ತರಿಸಿತು. ನೋಡುವುದಕ್ಕೇ ತಾನೇ ನಮಗೆ ಸಂಬಳ! ಹೊಸಬರು ಬಂದರೆ ಮೊದಲು ಕುರ್ಚಿ ಹಾಕಿ, ಕೈ ಊರದೆ ಐದು ಸಲ ಎದ್ದು ಕೂರಿ ಎನ್ನುತ್ತೇನೆ. ಮಂಡಿ ಒಳಕ್ಕೆ ವಾಲುತ್ತದೆಯೇ, ಹಿಮ್ಮಡಿ ಮೇಲೇಳುತ್ತದೆಯೇ, ಉಸಿರು ಬಿಗಿಹಿಡಿಯುತ್ತಾರೆಯೇ ಎಂದು ಅಷ್ಟರಲ್ಲೇ ಗೊತ್ತಾಗುತ್ತದೆ. ಕಳೆದ ತಿಂಗಳು ಒಬ್ಬರು ಪ್ರತಿ ಸಲವೂ ಬಲಕ್ಕೆ ಜಾರಿಕೊಂಡು ಏಳುತ್ತಿದ್ದರು. ಕೆದಕಿ ಕೇಳಿದಾಗ, ಇಪ್ಪತ್ತು ವರ್ಷಗಳ ಹಿಂದೆ ಸ್ಕೂಟರಿನಿಂದ ಬಿದ್ದು ಎಡಗಾಲು ಮುರಿದಿತ್ತಂತೆ. ಅರ್ಜಿಯಲ್ಲಿ ಬರೆಯಲು ಅವರಿಗೇ ನೆನಪಿರಲಿಲ್ಲ.

ನಿಮ್ಮನ್ನು ಮೊದಲು ಕೇಳಬೇಕಾಗಿದ್ದುದು ಯಾವ ಮಾತ್ರೆ, ತಿಂಡಿ ಎಷ್ಟು ಹೊತ್ತಿಗೆ ಎಂದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ವ್ಯಾಯಾಮದ ನಡುವೆಯೇ ಸಕ್ಕರೆ 70ಕ್ಕಿಂತ ಕೆಳಗಿಳಿದು ಕೈ ನಡುಗಬಹುದು. ನನ್ನ ಡ್ರಾಯರಿನಲ್ಲಿ ಗ್ಲೂಕೋಸ್ ಪುಡಿ ಸದಾ ಇರುತ್ತದೆ. ಎರಡು ಮೂರು ದಿನದ ಮೈಕೈ ನೋವಿಗೆ ಹೆದರಬೇಕಾಗಿಲ್ಲ. ಆದರೆ ಅತಿ ವ್ಯಾಯಾಮದ ನಂತರ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ನೇರ ಆಸ್ಪತ್ರೆಗೆ ಹೋಗಬೇಕು. ಇದನ್ನೂ ಆ ಹುಡುಗ ಹೇಳಿರಲಾರ.

ಪುಡಿಯ ವಿಷಯ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2020ರ ಲೆಕ್ಕದಲ್ಲಿ ದಿನಕ್ಕೆ ತೂಕದ ಕಿಲೋಗೆ 0.83 ಗ್ರಾಂ ಪ್ರೋಟೀನ್, ಅಂದರೆ ನಿಮಗೆ ಸುಮಾರು 56 ಗ್ರಾಂ. ಬೇಳೆ, ಹುರುಳಿ, ಮೊಸರು, ಮೊಟ್ಟೆಯಲ್ಲೇ ಅದು ಸಿಗುತ್ತದೆ. ಮೂತ್ರಪಿಂಡದ ವರದಿಯನ್ನು ವೈದ್ಯರಿಗೆ ತೋರಿಸದೆ ಡಬ್ಬ ತೆರೆಯಬೇಡಿ.

ಗರಡಿಯ ಹಳಬ:
ಎಂಬತ್ತರ ದಶಕದಲ್ಲಿ ಪೇಟೆಯ ಗರಡಿಯೊಂದರಲ್ಲಿ ಸಾಮು ಮಾಡಿದವನು ನಾನು. ಮೊದಲ ತಿಂಗಳು ಉಸ್ತಾದರು ಗದೆ ಮುಟ್ಟಲೂ ಬಿಡಲಿಲ್ಲ, ಮಣ್ಣು ಅಗೆಸಿದರು. ಈಗ ಗೋಡೆಗೆ ಸರ್ಟಿಫಿಕೇಟ್ ತೂಗುಹಾಕಿದರೆ ಉಸ್ತಾದನೇ!

ಮಲ್ಲೇಶ್ವರದ ಟ್ರೈನರ್:
ಮಣ್ಣು ಅಗೆಸಿದ ನಿಮ್ಮ ಉಸ್ತಾದರಿಗೆ ನನ್ನ ನಮಸ್ಕಾರ. ಆದರೂ ಸರ್ಟಿಫಿಕೇಟನ್ನು ತಳ್ಳಿಹಾಕಬೇಡಿ, ಅದರ ದಿನಾಂಕ ನೋಡಿ. ಅಮೆರಿಕನ್ ಕೌನ್ಸಿಲ್ ಆನ್ ಎಕ್ಸರ್‌ಸೈಜ್ ಕೊಡುವ ಪತ್ರವನ್ನು ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತಿ ಬದುಕಿಸಲು ನೋಡುವ ತರಬೇತಿಯೂ ಬೇಕು. ನವೀಕರಿಸದ ಪತ್ರಕ್ಕೆ ಚೌಕಟ್ಟು ಎಷ್ಟು ಚೆಂದವಿದ್ದರೇನು?

ಜಯನಗರದ ಗುಮಾಸ್ತ:
ನಿನ್ನೆ ಬೇರೊಂದು ಕಡೆ ವಿಚಾರಿಸಲು ಹೋಗಿದ್ದೆ. ಅಲ್ಲಿಯ ಹುಡುಗಿ ಮೊದಲು ಕುರ್ಚಿ ಎಳೆದು ಹಾಕಿದಳು. ನಗು ತಡೆಯಲಾಗಲಿಲ್ಲ. ನಾಲ್ಕನೆಯ ಸಲ ಏಳುವಾಗ, "ಸಾರ್, ಎಡ ಮಂಡಿಯಲ್ಲಿ ಈ ಲಟಕ್ ಸದ್ದು ಯಾವಾಗಿನಿಂದ?" ಎಂದಳು. ಸೋಮವಾರದಿಂದ ಅಲ್ಲಿಗೆ. ಪುಡಿಯ ಡಬ್ಬದ ಸೀಲ್ ಒಡೆದಿಲ್ಲ, ಯಾರಿಗಾದರೂ ಬೇಕೇ?